ಎರಡನೇ ಶಂಟ್‌ಗೆ ಒಂದು ವರ್ಷ

ಇವತ್ತಿಗೆ ಸರಿಯಾಗಿ ಒಂದು ವರ್ಷ. ಎರಡನೇ ಶಂಟ್ ಹಾಕಿದ ಮೇಲೆ ಓಟಿ ಬಾಗಿಲು ಮತ್ತೆ ನೋಡದೆ ಕಳೆದ ವರ್ಷ. ಶಂಟ್ ಅಂದರೆ ತಲೆಯೊಳಗೆ ನೀರಿನ ಪ್ರೆಶರ್ ಏರದ ಹಾಗೆ, ಆ ನೀರನ್ನು ಚರ್ಮದಡಿಯಿಂದ ಮೈಯ ಬೇರೆ ಕಡೆಗೆ ಇಳಿಸುವ ಟ್ಯೂಬ್. ಥ್ಯಾಂಕ್ಸ್ ಹೇಳುವುದು ಮಾತ್ರ ಬಾಕಿ ಉಳಿದಿತ್ತು.

ರಜೆ ಹಾಕಿ ಓಡಿ ಬಂದ ಗೆಳೆಯರು, ನನ್ನ ಕೆಲಸ ಹಂಚಿಕೊಂಡ ಆಫೀಸಿನವರು, ಅರ್ಧ ಬೋಳಾದ ತಲೆ ನೋಡಿಯೂ ಯಾವಾಗಿನ ಹಾಗೇ ಮಾತಾಡಿಸಿದ ಪಕ್ಕದ ಮನೆಯವರು, ಎಷ್ಟು ನೀರು ಇಳಿಯಬೇಕು ಎಂದು ಹಿಡಿತದಲ್ಲಿಡುವ ಶಂಟ್‌ನ ವಾಲ್ವ್ ಸೆಟ್ಟಿಂಗ್ ಮೂರು ಸಲ ಬದಲಿಸಬೇಕಾದರೂ ಬೇಸರ ಮಾಡಿಕೊಳ್ಳದ ಡಾಕ್ಟರ್, ಹೊಲಿಗೆ ಬಿಚ್ಚುವಾಗ ಕೈ ಹಿಡಿದುಕೊಂಡ ನರ್ಸ್, ಎಲ್ಲರಿಗೂ ಮನಸಾರೆ ಧನ್ಯವಾದ.

ಉಳಿದ ಮಾತೆಲ್ಲ ಅಕ್ಕನಿಗೆ.

ಕಳೆದ ವರ್ಷ, ಎರಡನೇ ಶಂಟ್‌ಗೆ ಮುಂಚಿನ ಆ ರಾತ್ರಿ, ಮೊದಲ ಶಂಟ್ ಬ್ಲಾಕ್ ಆಗಿತ್ತು. ನಮಗೆ ಅದು ಗೊತ್ತಿರಲಿಲ್ಲ. ಸಂಜೆ ತೋರಿಸಿದ ಕಡೆ ಮೈಗ್ರೇನ್ ಅಂದು ಮಾತ್ರೆ ಕೊಟ್ಟು ಕಳಿಸಿದ್ದರು, ನಾನೂ ಅದನ್ನೇ ನಂಬಿದೆ. ಶಂಟ್ ಇದ್ದವರಿಗೆ ತಲೆನೋವು ಬಂದಾಗಲೆಲ್ಲ ಒಂದೇ ಲೆಕ್ಕಾಚಾರ. ಸುಮ್ನೆ ನಿದ್ದೆಗೆಟ್ಟು ಬಂದ ನೋವಾ? ನೀರು ಜಾಸ್ತಿ ಇಳಿಯುತ್ತಿದೆಯಾ, ಇಳಿಯುತ್ತಲೇ ಇಲ್ಲವಾ? ಎದ್ದು ನಿಂತಾಗ ಜಾಸ್ತಿಯಾಗಿ ಮಲಗಿದರೆ ಕಡಿಮೆಯಾಗುವ ನೋವು ಸಾಮಾನ್ಯವಾಗಿ ಜಾಸ್ತಿ ಇಳಿದದ್ದಕ್ಕೆ. ಅವತ್ತು ಅದಕ್ಕೆ ಉಲ್ಟಾ, ನನಗೆ ಮಲಗಲು ಆಗುತ್ತಲೇ ಇರಲಿಲ್ಲ, ನಾಡಿ ಬಡಿದ ಹಾಗೆಲ್ಲ ಕಿವಿಯಲ್ಲಿ ಸುಂಯ್ ಎನ್ನುವ ಆ ಹಳೇ ಸದ್ದೂ ವಾಪಸ್ ಬಂದಿತ್ತು. ಆದರೂ ಬೆಳಿಗ್ಗೆ ನೋಡೋಣ ಅಂದೆ.

ಅಕ್ಕ ಮಲಗಲಿಲ್ಲ. ಹಾಸಿಗೆ ಪಕ್ಕ ಕುರ್ಚಿ ಎಳೆದುಕೊಂಡು, ಮಗಳ ಗಣಿತದ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಬರೆಯುತ್ತಾ ಕೂತಳು. ಆ ಹಾಳೆ ಈಗ ನನ್ನ ಹತ್ತಿರ ಇದೆ. "12.20 ವಾಂತಿ. 1.05 ಮತ್ತೆ ವಾಂತಿ, ಎರಡು ದಿಂಬು ಇಟ್ಟರೆ ಸ್ವಲ್ಪ ವಾಸಿ. 1.40 ಬಗ್ಗಿದಾಗ ಕಣ್ಣು ಕತ್ತಲೆ, ಹತ್ತು ಎಣಿಸುವಷ್ಟು ಹೊತ್ತು. 2.15 ಎಬ್ಬಿಸಿದರೂ ಬೇಗ ಏಳಲಿಲ್ಲ." ಆ ಕೊನೆ ಸಾಲಿನಲ್ಲಿ ಪೆನ್ನು ಒತ್ತಿ ಹಾಳೆ ಹರಿದಿದೆ. ಮುಂದೆ ಏನೂ ಬರೆದಿಲ್ಲ. ಕಾರು ತೆಗೆದಿದ್ದಳು.

ದಾರಿಯಲ್ಲಿ ನಾನು ಅಂದದ್ದು ನೆನಪಿದೆ. ಇನ್ನೊಂದು ಸಲ ತಲೆ ಕೊಯ್ಯಿಸಿಕೊಳ್ಳಲ್ಲ, ನನ್ನನ್ನು ಬಿಟ್ಟುಬಿಡು ಅಂದೆ. ಅದಕ್ಕಿಂತ ಕೆಟ್ಟದ್ದನ್ನೂ ಅಂದೆ. ಅವಳು ಒಂದಕ್ಕೂ ಉತ್ತರ ಕೊಡಲಿಲ್ಲ, ಗೇರ್ ಹಾಕುವಾಗ ಮಾತ್ರ ನನ್ನ ಕೈ ಬಿಡುತ್ತಿದ್ದಳು. ತಪ್ಪಾಯಿತು ಅಕ್ಕ. ಇಷ್ಟು ಹೇಳಲು ನನಗೆ ಒಂದು ವರ್ಷ ಹಿಡಿಯಿತು.

ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ನನ್ನ ತರಹ ಕಾರಣವೇ ಗೊತ್ತಾಗದೆ ತಲೆಯೊಳಗಿನ ಪ್ರೆಶರ್ ಏರುವವರಲ್ಲಿ ಶಂಟ್ ಬ್ಲಾಕ್ ಆದರೂ ಸ್ಕ್ಯಾನ್ ಸರಿಯಾಗಿಯೇ ಬರಬಹುದು. ಡ್ಯೂಟಿ ಡಾಕ್ಟರ್ ಅಕ್ಕನ ಹಾಳೆಯನ್ನು ಎರಡು ಸಲ ಓದಿದರು, ಬೆಳಕು ಬಿಟ್ಟು ಕಣ್ಣಿನ ಹಿಂಭಾಗ ನೋಡಿದರು, ನೇರವಾಗಿ ಫೋನ್ ಕೈಗೆತ್ತಿಕೊಂಡರು. ಕಣ್ಣಿನ ನರ ಆಗಲೇ ಊದಿಕೊಂಡಿತ್ತು. ಹಾಗೇ ಬಿಟ್ಟರೆ ಈ ಪ್ರೆಶರ್ ದೃಷ್ಟಿಯನ್ನೇ ತಿನ್ನುತ್ತದೆ, ಹೋದದ್ದೆಲ್ಲ ವಾಪಸ್ ಬರುತ್ತದೆ ಎನ್ನುವ ಹಾಗಿಲ್ಲ.

ಚೇತರಿಸಿಕೊಳ್ಳುವಾಗ ಓದಿದ ಒಂದು ವಿಷಯ. 1950ರ ದಶಕದಲ್ಲಿ ಜಾನ್ ಹೋಲ್ಟರ್ ಎಂಬ ಅಪ್ಪ, ತಲೆಯಲ್ಲಿ ನೀರು ತುಂಬಿದ್ದ ತನ್ನ ಮಗುವಿಗಾಗಿ ಒಂದು ವಾಲ್ವ್ ಮಾಡಲು ಕೂತರು. ಅವರು ಡಾಕ್ಟರ್ ಅಲ್ಲ, ಯಂತ್ರಗಳ ಕೆಲಸ ಗೊತ್ತಿದ್ದವರು. ಆ ವಾಲ್ವ್ ಆಮೇಲೆ ಎಷ್ಟೋ ಮಕ್ಕಳ ತಲೆಯಲ್ಲಿ ಕೆಲಸ ಮಾಡಿತು. ಓದುವಾಗ ನನಗೆ ಗಣಿತದ ನೋಟ್‌ಬುಕ್ಕೇ ಕಣ್ಣ ಮುಂದೆ ಬಂತು.

ಈಗ ಕಿವಿಯ ಹಿಂದೆ ಬೆರಳಿಟ್ಟರೆ ವಾಲ್ವ್ ಗುಂಡಿಯ ಹಾಗೆ ಸಿಗುತ್ತದೆ, ಕತ್ತಿನ ಚರ್ಮದಡಿ ಟ್ಯೂಬ್ ಹುರಿಯ ಹಾಗೆ. ವಾಲ್ವ್ ಸೆಟ್ಟಿಂಗ್ ಬದಲಾಗದಿರಲಿ ಎಂದು ಅಯಸ್ಕಾಂತ ಇರುವುದನ್ನು ತಲೆಯಿಂದ ದೂರ ಇಡುತ್ತೇನೆ, ಎಂಆರ್‌ಐ ಆದರೆ ಸೆಟ್ಟಿಂಗ್ ಹಾಗೇ ಇದೆಯಾ ಎಂದು ನೋಡಿಸುತ್ತೇನೆ. ಬಲಗಣ್ಣಿನ ಅಂಚಿನ ಮಸುಕು ಹಾಗೇ ಇದೆ, ದೊಡ್ಡದಾಗಿಲ್ಲ.

ಅಕ್ಕ ಈಗಲೂ ಮಲಗುವ ಮೊದಲು ಫೋನ್ ಮಾಡುತ್ತಾಳೆ. "ತಲೆ ಕೆಳಗಿಟ್ಟರೆ ನೋಯುತ್ತಾ?" ಅಷ್ಟೇ ಕೇಳುತ್ತಾಳೆ.

ಇಲ್ಲ ಅಕ್ಕ. ಇವತ್ತು ಒಂದೇ ದಿಂಬು.