ಗೋಕುಲ ರೋಡಿನ ಚಾದಂಗಡ್ಯಾಗ ಸಿಕ್ಕ ಅಣ್ಣಾರಿಗೆ

ಅಣ್ಣಾರ, ನಿಮ್ಮ ಹೆಸರ ಗೊತ್ತಿಲ್ಲ, ಅದಕ್ಕ ಇಲ್ಲೇ ಬರೀಲಿಕ್ಹತ್ತೀನ್ರಿ. ನಮ್ಮ ಗ್ರಾಫಾನಾಕ್ಕ (ಅಂಕಿಅಂಶ ಗ್ರಾಫಿನ್ಯಾಗ ತೋರಿಸೋ ಸಾಫ್ಟ್‌ವೇರ್) ಆಕ್ಟಿವ್ ಡೈರೆಕ್ಟರಿ (ಆಫೀಸಿನ ಮಂದಿಯ ಲಾಗಿನ್ ಖಾತೆ ಇಡೋ ಮೈಕ್ರೋಸಾಫ್ಟಿನ ವ್ಯವಸ್ಥೆ) ಜೋಡಿಸಿದ್ರೂ ಒಬ್ಬರೂ ಲಾಗಿನ್ ಆಗ್ತಿರಲಿಲ್ಲ. ಡೈರೆಕ್ಟರಿಗೆ ಹೋಗೋ 389ನೇ ಪೋರ್ಟ್ ತೆರೆದಿತ್ತು, ಬೈಂಡೂ (ಗ್ರಾಫಾನಾ ಡೈರೆಕ್ಟರಿಗೆ ತನ್ನ ಗುರುತು ಕೊಟ್ಟು ಒಳಗ ಹೋಗೋದು) ಆಗ್ತಿತ್ತು. ನೀವು ಲ್ಯಾಪ್‌ಟಾಪ್ ನೋಡಿ ನೇರ, ಡೈರೆಕ್ಟರಿಯೊಳಗ ಮಂದಿನ್ನ ಹುಡುಕೋ ಸರ್ಚ್ ಫಿಲ್ಟರಿಗೇ ಬೆರಳಿಟ್ರಿ: ಗ್ರಾಫಾನಾದ ಮಾದರಿ ಫೈಲಿನ್ಯಾಗ ಇರೋದು ‘ಸಿಎನ್’ (ಕಾಮನ್ ನೇಮ್), ಆಕ್ಟಿವ್ ಡೈರೆಕ್ಟರಿಯೊಳಗ ಅದರಾಗ ಸಾಮಾನ್ಯವಾಗಿ ಪೂರ್ತಿ ಹೆಸರು ಇರ್ತೈತಿ, ಮಂದಿ ಟೈಪ್ ಮಾಡೋದು ಲಾಗಿನ್ ಐಡಿ. ಅಲ್ಲಿ ಲಾಗಿನ್ ಐಡಿ ಇರೋ ‘ಸ್ಯಾಮ್‌ಅಕೌಂಟ್‌ನೇಮ್’ ಹಾಕಿ ಸರ್ವಿಸ್ ರೀಸ್ಟಾರ್ಟ್ ಮಾಡಿದ ಕೂಡ್ಲೇ ಎಲ್ಲಾರೂ ಒಳಗ ಬಂದ್ರು. ಯಾವ ಗುಂಪಿಗೆ ಅಡ್ಮಿನ್, ಎಡಿಟರ್, ವ್ಯೂವರ್ ಕೊಡಬೇಕಂತನೂ ತೋರಿಸಿದ್ರಿ. ಮ್ಯಾಲ ಚಾದ ರೊಕ್ಕಾನೂ ನೀವ ಕೊಟ್ರಿ, ಅದು ಮಾತ್ರ ಸರಿ ಅಲ್ರಿ. ಪಾಸ್‌ವರ್ಡ್ ಬಯಲಾಗ ಹರಿದಾಡಬಾರದು, 636ನೇ ಪೋರ್ಟಿಗೆ, ಮಾಹಿತಿ ಗುಪ್ತ ಮಾಡಿ ಕಳಸೋ ಎಸ್‌ಎಸ್‌ಎಲ್ ಹಚ್ಚರಿ ಅಂತ ಗದರಿದ್ರಲ್ಲ, ಖರೇ ಉಪಕಾರ ಅದ. ಅದನ್ನೂ ಹಚ್ಚೀವ್ರಿ. ಭಾಳ ಧನ್ಯವಾದ.