ಯಂತ್ರಕ್ಕೆ ಸಬ್ಸಿಡಿ ಕೊಟ್ಟಿರಿ, ಕಾಳು ಕೊಳ್ಳಲು ದುಡ್ಡೆಲ್ಲಿ?

ಮಾನ್ಯ ಕೃಷಿ ಸಚಿವರಿಗೆ ನಮಸ್ಕಾರಗಳು.

ಪಿಎಂಎಫ್‌ಎಂಇ ಎಂಬ ಸಣ್ಣ ಆಹಾರ ಸಂಸ್ಕರಣಾ ಘಟಕಗಳ ಯೋಜನೆಯಲ್ಲಿ ಕೇಂದ್ರದ 35, ರಾಜ್ಯದ 15 ಸೇರಿ ಶೇ 50 ಸಬ್ಸಿಡಿ, ಗರಿಷ್ಠ 15 ಲಕ್ಷ ರೂಪಾಯಿ. ನಿಯಮ ತಮಗೆ ಗೊತ್ತೇ ಇದೆ. ಅದು ಯಂತ್ರಕ್ಕೆ, ತಾಂತ್ರಿಕ ಕಟ್ಟಡ ಕೆಲಸಕ್ಕೆ ಮಾತ್ರ. ಅದೂ ಮೂರು ವರ್ಷ ಬ್ಯಾಂಕಿನಲ್ಲೇ ಕೂತಿರುತ್ತದೆ. ಸಿರಿಧಾನ್ಯದ ಸಿಪ್ಪೆ ಬಿಡಿಸುವ ನಮ್ಮಂಥ ಸಣ್ಣ ಘಟಕಕ್ಕೆ ಕಾಳು ಕೊಳ್ಳಲು ಆ ಸಬ್ಸಿಡಿಯಿಂದ ಒಂದು ರೂಪಾಯಿಯೂ ಸಿಗುವುದಿಲ್ಲ. ದಾಸ್ತಾನಿಗೆ ಸಾಲ ಕೊಡಿಸಿ ಎಂದು ಎಷ್ಟು ಸಲ ಕೇಳಬೇಕು?

ಸಾಮೆ, ನವಣೆ ಪೇಟೆಗೆ ಬರುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಚೆನ್ನಾಗಿ ಒಣಗಿಸಿದ ಕಾಳು ಸಿಪ್ಪೆಯೊಳಗೆ ವರ್ಷಗಟ್ಟಲೆ ಇರುತ್ತದೆ. ಸಿಪ್ಪೆ ತೆಗೆದ ಅಕ್ಕಿ ಹಾಗಲ್ಲ, ತೌಡಿನ ಎಣ್ಣೆಯಂಶದಿಂದ ಕೆಲವೇ ತಿಂಗಳಲ್ಲಿ ಕಮಟು ವಾಸನೆ ಹಿಡಿಯುತ್ತದೆ. ಹಾಗಾಗಿ ಸುಗ್ಗಿಯಲ್ಲೇ ಕಾಳು ತುಂಬಿಟ್ಟುಕೊಂಡು ಬೇಡಿಕೆ ಬಂದಂತೆ ಬಿಡಿಸಬೇಕು. ದಿನಕ್ಕೆ ಒಂದು ಕ್ವಿಂಟಲ್‌ನಂತೆ ನೂರು ದಿನಕ್ಕೆ 100 ಕ್ವಿಂಟಲ್. ಕಿಲೋಗೆ 35 ರೂಪಾಯಿ ಹಿಡಿದರೂ ಮೂರೂವರೆ ಲಕ್ಷ.

ಆ ದುಡ್ಡಿಲ್ಲದವರು ವ್ಯಾಪಾರಿಯಿಂದ ಐದು ಚೀಲ, ಹತ್ತು ಚೀಲ ತರುತ್ತಾರೆ. ಒಂದೊಂದು ಚೀಲ ಒಂದೊಂದು ಹೊಲದ್ದು. ಗಾತ್ರ ಬೇರೆ, ತೇವ ಬೇರೆ. ದಪ್ಪ ಕಾಳಿಗೆ ಯಂತ್ರದ ವೇಗ ಹೊಂದಿಸಿದರೆ ಸಣ್ಣದು ಸಿಪ್ಪೆ ಸಮೇತ ಬೀಳುತ್ತದೆ, ಸಣ್ಣದಕ್ಕೆ ಹೊಂದಿಸಿದರೆ ದಪ್ಪದು ನುಚ್ಚಾಗುತ್ತದೆ. ನೂರು ಕಿಲೋ ಸಾಮೆಗೆ 65 ಕಿಲೋ ಅಕ್ಕಿ ಬರುವ ಕಡೆ 50ಕ್ಕೆ ಇಳಿದರೆ, ಕಾಳಿನ ಖರ್ಚೊಂದೇ ಕಿಲೋ ಅಕ್ಕಿಗೆ 54ರಿಂದ 70 ರೂಪಾಯಿ ಆಗುತ್ತದೆ. ವ್ಯಾಪಾರಿಯ ಲಾಭ ಬೇರೆ. ಸಿರಿಧಾನ್ಯ ತಿನ್ನಿ ಎಂದು ವೇದಿಕೆಯಲ್ಲಿ ಹೇಳುತ್ತೀರಿ, ಕೂಲಿಯವರ ಮನೆಗೆ ಆ ಬೆಲೆ ಎಟುಕುವುದು ಬೇಡವೇ?

ದಾಸ್ತಾನಿಗೆಂದು ಮೂರು ಲಕ್ಷದ ಸಿಸಿ (ಬೇಕಾದಾಗ ತೆಗೆದು, ಬಂದಾಗ ಕಟ್ಟುವ ಸಾಲ) ಕೇಳಿದ ಮಹಿಳೆಯರ ಘಟಕವೊಂದಕ್ಕೆ ಬ್ಯಾಂಕಿನವರು ಹೊಲದ ಪಹಣಿ ತನ್ನಿ ಎಂದರು. ಪಹಣಿ ಮಾವನ ಹೆಸರಲ್ಲಿದೆ ಎಂದರೆ, ಸರ್ಕಾರಿ ನೌಕರರ ಜಾಮೀನು ತನ್ನಿ ಎಂದರು. ಅಲೆದಾಟ ಮುಗಿಯುವಷ್ಟರಲ್ಲಿ ಡಿಸೆಂಬರ್ ಬಂದಿತ್ತು, ಕಾಳು ವ್ಯಾಪಾರಿಯ ಗೋದಾಮು ಸೇರಿತ್ತು. ಸಣ್ಣ ಉದ್ಯಮದ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಕೂಡದೆಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿದೆ, ಸ್ವಾಮಿ! ಆ ಹೆಣ್ಣುಮಕ್ಕಳನ್ನು ಅಲೆಸಿದ್ದಕ್ಕೆ ಉತ್ತರ ಹೇಳುವವರು ಯಾರು?

ಯಂತ್ರದ ಸಾಲ ಮಂಜೂರಾಗುವಾಗಲೇ ಕಾಳಿನ ದಾಸ್ತಾನಿಗೂ ಸಾಲ ಮಂಜೂರಾಗಲಿ. ಅದರ ಬಡ್ಡಿಯಲ್ಲಿ ಒಂದು ಪಾಲನ್ನು ರಾಜ್ಯ ಹೊರಲಿ. ಉಗ್ರಾಣ ನಿಗಮದ ಗೋದಾಮಿನಲ್ಲಿಟ್ಟ ಕಾಳನ್ನೇ ಬ್ಯಾಂಕು ಭದ್ರತೆಯೆಂದು ಒಪ್ಪಿಕೊಳ್ಳಲಿ. ಈ ಆದೇಶ ಸೆಪ್ಟೆಂಬರ್ ಒಳಗೆ ಶಾಖೆಗಳಿಗೆ ತಲುಪಬೇಕು. ನವೆಂಬರ್ ದಾಟಿದ ಮೇಲೆ ಬಂದ ಸಾಲದಿಂದ ಕಾಳು ಸಿಗುವುದಿಲ್ಲ.

ಇತಿ,
ಸಿರಿಧಾನ್ಯ ಬಿಡಿಸುವ ಸಣ್ಣ ಘಟಕದವರು