ವಿಯೆನ್ನಾದ ಹೊಸ ಕಲೆಗೆ ಹಣ ಕೊಟ್ಟವರು

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಚಿತ್ರಕಾರ ಗುಸ್ತಾವ್ ಕ್ಲಿಮ್ಟ್‌ನನ್ನು ಕುರಿತ ಲೇಖನ ಓದಿ ಸಂತೋಷವಾಯಿತು. ಆದರೆ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದ ರಾಜಮನೆತನವೂ ಕುಲೀನರೂ ಆಧುನಿಕ ಕಲೆಯನ್ನು ಸಾಕಿ ಸಲಹಿದರೆಂಬ ಅದರ ಮಾತು ಸರಿಯಲ್ಲ.

1897ರಲ್ಲಿ ಕ್ಲಿಮ್ಟ್ ಮತ್ತು ಸಂಗಡಿಗರು ಹಳೆಯ ಕಲಾವಿದರ ಸಂಘ ತೊರೆದು ‘ಸೆಸೆಶನ್’ ಎಂಬ ತಮ್ಮದೇ ಹೊಸ ಕೂಟ ಕಟ್ಟಿದರು. ಮರುವರ್ಷ ಎದ್ದುನಿಂತ ಅವರ ಪ್ರದರ್ಶನ ಭವನಕ್ಕೆ ಕೈಬಿಚ್ಚಿ ಹಣ ಕೊಟ್ಟವನು ಉಕ್ಕಿನ ಉದ್ಯಮಿ ಕಾರ್ಲ್ ವಿಟ್ಗೆನ್‌ಸ್ಟೈನ್. 1907ರಲ್ಲಿ ಮುಗಿದ ಅಡೆಲೆ ಬ್ಲಾಖ್-ಬೌವರ್ ಭಾವಚಿತ್ರವನ್ನು ಬರೆಯಿಸಿದವನು ಆಕೆಯ ಪತಿ, ಸಕ್ಕರೆ ಉದ್ಯಮಿ ಫರ್ಡಿನಾಂಡ್. ಅದರಲ್ಲಿ ಮುಖ, ಹೆಗಲು, ಕೈಗಳಷ್ಟೇ ಮನುಷ್ಯರವು. ಉಳಿದುದೆಲ್ಲ ಚಿನ್ನದ ರೇಕಿನಲ್ಲಿ ಕರಗಿದೆ, ಸೀರೆಯ ಅಂಚಿನ ಬುಟ್ಟಾಗಳಂತೆ ಉಡುಪಿನ ತುಂಬ ಕಣ್ಣುಗಳು ಹರಡಿವೆ. (ಕ್ಲಿಮ್ಟ್‌ನ ತಂದೆ ಚಿನ್ನದ ಕೆತ್ತನೆಯವನಾಗಿದ್ದನೆಂಬುದನ್ನು ಲೇಖಕರು ಏಕೆ ಬಿಟ್ಟರೋ!) ಈ ಪೋಷಕರಲ್ಲಿ ಅನೇಕರು ಯಹೂದಿ ಮೂಲದವರು, ಹಣವಿದ್ದರೂ ಹಳೆಯ ಮನೆತನಗಳ ಪಂಕ್ತಿಯಲ್ಲಿ ಎಲೆ ಸಿಗದವರು. ಗೋಡೆಗೆ ತೂಗುಹಾಕಲು ಮುತ್ತಜ್ಜಂದಿರ ಪಟಗಳಿಲ್ಲದ ಅಂಥವರಿಗೆ ಹೊಸ ಚಿತ್ರಗಳು ಒಗ್ಗಿದ್ದು ಸಹಜವೆಂದೇ ನನ್ನ ಎಣಿಕೆ.

ಚಕ್ರವರ್ತಿ ಫ್ರಾನ್ಸ್ ಜೋಸೆಫ್ 1898ರಲ್ಲಿ ಸೆಸೆಶನ್‌ನ ಮೊದಲ ಪ್ರದರ್ಶನಕ್ಕೆ ಬಂದದ್ದು ನಿಜ. 1908ರಲ್ಲಿ ಕ್ಲಿಮ್ಟ್‌ನ ‘ಚುಂಬನ’ವನ್ನು ಸರ್ಕಾರವೇ ಕೊಂಡದ್ದೂ ನಿಜ. ಆದರೆ ಸರ್ಕಾರದ ಖರೀದಿಯನ್ನು ಕುಲೀನರ ಅಭಿರುಚಿಯ ಲೆಕ್ಕಕ್ಕೆ ಬರೆಯಬಾರದು. ಯುವರಾಜ ಫ್ರಾನ್ಸ್ ಫರ್ಡಿನಾಂಡ್ ಹೊಸ ಪಂಥದ ಚಿತ್ರಕಾರ ಕೊಕೋಷ್ಕಾನ ಚಿತ್ರಗಳನ್ನು ಕಂಡು, ಇವನ ಎಲುಬು ಮುರಿಯಬೇಕೆಂದು ಗುಡುಗಿದನೆಂಬ ಮಾತು ಪ್ರಸಿದ್ಧವೇ ಇದೆ. ಅರಮನೆಯ ಹೆಬ್ಬಾಗಿಲಿನ ಎದುರಿಗೇ ವಾಸ್ತುಶಿಲ್ಪಿ ಅಡಾಲ್ಫ್ ಲೋಸ್ ಅಲಂಕಾರವಿಲ್ಲದ ಬೋಳು ಗೋಡೆ ಎಬ್ಬಿಸಿದಾಗ ಊರಿಗೆ ಊರೇ ಅದನ್ನು ‘ಹುಬ್ಬಿಲ್ಲದ ಮನೆ’ ಎಂದು ಆಡಿಕೊಂಡಿತು. 1910ರಲ್ಲಿ ಕೆಲಸವೇ ನಿಂತು, ಕಡೆಗೆ ಕಿಟಕಿಗಳಿಗೆ ಕಂಚಿನ ಹೂತೊಟ್ಟಿಗಳನ್ನು ಕೂರಿಸಿದ ಮೇಲೆ ಜಗಳ ತಣ್ಣಗಾಯಿತು. ಅದನ್ನು ಕಟ್ಟಿಸಿದವರೂ ಅರಸರಲ್ಲ, ಬಟ್ಟೆ ಹೊಲಿಯುವ ಮಳಿಗೆಯವರು.

ಹಾಸನದವರಾದ ನಮಗೆ ಇದು ಹೊಸತೇನಲ್ಲ. ಹಳೇಬೀಡಿನ ಹೊಯ್ಸಳೇಶ್ವರ ಗುಡಿ ದೊರೆಯ ಹೆಸರಿನಲ್ಲಿದ್ದರೂ ಅದನ್ನು ಕಟ್ಟಿಸಿದವನು ಅಧಿಕಾರಿ ಕೇತಮಲ್ಲ. ಪ್ರವಾಸಿಗರಿಗೆ ಹೇಳುವಾಗ ಮಾತ್ರ ಎಲ್ಲವೂ ವಿಷ್ಣುವರ್ಧನನ ಪಾಲಾಗುತ್ತದೆ.

ಲೇಖನದ ಮುಂದಿನ ಕಂತಿನಲ್ಲಿ ವಿಟ್ಗೆನ್‌ಸ್ಟೈನ್, ಬ್ಲಾಖ್-ಬೌವರ್ ಮನೆತನಗಳ ಹೆಸರನ್ನಾದರೂ ಸೇರಿಸಬೇಕೆಂದು ಲೇಖಕರಲ್ಲಿ ವಿನಂತಿ.

– ನಿವೃತ್ತ ಚಿತ್ರಕಲಾ ಶಿಕ್ಷಕ, ಹಾಸನ